ಹಿಂದೆ ಏನಿದೆಯೆಂದು ಕೇಳುವ ಪಿಕ್ಸೆಲ್‌ಗಳು

ಗೆಳೆಯರೇ, ವೆಬ್ ಪುಟದ ಮೇಲೆ ಹಿಂದಿನದು ಕಾಣುವಂಥ ತೆಳುವಾದ ಪದರವೊಂದನ್ನು ಎಳೆಯಲು ನಮಗೆ ಒಂದೇ ಸಾಲು ಕೋಡ್ ಸಾಕು. ಆ ಸಾಲಿಗಾಗಿ ಬ್ರೌಸರ್ ಎಷ್ಟು ದುಡಿಯುತ್ತದೆ ಎಂಬುದೇ ಇಂದಿನ ಮಾತು.

ಗಟ್ಟಿ ಬಣ್ಣದ ಪಿಕ್ಸೆಲ್‌ಗೆ ಹಿಂದೆ ಏನಿತ್ತೆಂಬ ಚಿಂತೆಯಿಲ್ಲ, ಬರೆದರೆ ಮುಗಿಯಿತು. ಅರೆಪಾರದರ್ಶಕ ಪಿಕ್ಸೆಲ್ ಹಾಗಲ್ಲ. ಹಿಂದಿನ ಬಣ್ಣವನ್ನು ಓದಬೇಕು, ಬೆರೆಸಬೇಕು, ಮರಳಿ ಬರೆಯಬೇಕು. 1080×2400 ಅಳತೆಯ ಮೊಬೈಲ್ ಪರದೆಯಲ್ಲಿ 25,92,000 ಪಿಕ್ಸೆಲ್‌ಗಳಿವೆ. ಅದನ್ನೆಲ್ಲ ಆವರಿಸುವ ನಾಲ್ಕು ತೆಳು ಪದರಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ಕೋಟಿಗೂ ಮಿಕ್ಕಿದ ಬೆರಕೆಗಳಾಗುತ್ತವೆ. ಸೆಕೆಂಡಿಗೆ 60 ಚಿತ್ರಗಳೆಂದರೆ ಇಷ್ಟಕ್ಕೆಲ್ಲ ಸಿಗುವ ಸಮಯ 16.7 ಮಿಲಿಸೆಕೆಂಡ್.

ಈ ಬೆರಕೆಯ ಬೀಜಗಣಿತವನ್ನು ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರಲ್ಲೇ ಬರೆದಿಟ್ಟರು. ಅವರು ಬಳಸಿದ ಉಪಾಯ ನನಗೆ ಇಂದಿಗೂ ಸುಂದರವಾಗಿ ಕಾಣುತ್ತದೆ: ಬಣ್ಣವನ್ನು ಆಲ್ಫಾದಿಂದ, ಅಂದರೆ ಅದರ ಗಟ್ಟಿತನದ ಪ್ರಮಾಣದಿಂದ, ಮೊದಲೇ ಗುಣಿಸಿ ಇಡುವುದು. ಇದರಿಂದ ಉಳಿತಾಯವಾಗುವುದು ಒಂದು ಗುಣಾಕಾರ ಮಾತ್ರವಲ್ಲ. ಗಟ್ಟಿ ಕೆಂಪು ಪಿಕ್ಸೆಲ್ಲಿನ ಪಕ್ಕದಲ್ಲಿ ಪೂರ್ತಿ ಪಾರದರ್ಶಕವಾದ ಕಪ್ಪು ಪಿಕ್ಸೆಲ್ ಇದೆಯೆನ್ನಿ. ಚಿತ್ರವನ್ನು ಕುಗ್ಗಿಸುವಾಗ ಗುಣಿಸದೆ ಸರಾಸರಿ ತೆಗೆದರೆ ಕಾಣದ ಆ ಕಪ್ಪು ಕೂಡ ಲೆಕ್ಕಕ್ಕೆ ಸೇರಿ ಅಂಚಿನಲ್ಲಿ ಕೊಳಕು ಗೆರೆ ಮೂಡುತ್ತದೆ. ಮೊದಲೇ ಗುಣಿಸಿದ್ದರೆ ಅದರ ಪಾಲು ಸೊನ್ನೆ. ಕೆಂಪು ಕೆಂಪಾಗಿಯೇ ಕರಗುತ್ತದೆ. ಪಿಎನ್‌ಜಿ ಎಂಬ ಬಗೆಯ ಚಿತ್ರದ ಕಡತ ಬಣ್ಣಗಳನ್ನು ಗುಣಿಸದೆ ಇಡುವುದರಿಂದ ಈ ಗುಣಾಕಾರವನ್ನು ಬ್ರೌಸರ್ ತಾನೇ ಮಾಡಿಕೊಳ್ಳಬೇಕು.

ಆದರೆ ನಿಜವಾದ ಉಳಿತಾಯವಿರುವುದು ಬೇರೆಡೆ: ಪಾರದರ್ಶಕತೆ ಎಲ್ಲಿ ಇಲ್ಲ ಎಂದು ತಿಳಿಯುವುದರಲ್ಲಿ. ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಪುಟವನ್ನು ಬಿಡಿಸುವ ಭಾಗವಾದ ವೆಬ್‌ರೆಂಡರ್ ಮೊದಲು ಗಟ್ಟಿ ಭಾಗಗಳನ್ನು ಮುಂದಿನಿಂದ ಹಿಂದಕ್ಕೆ ಬಿಡಿಸುತ್ತದೆ. ಮುಂದಿನದು ಮುಚ್ಚಿದ ಜಾಗವನ್ನು ಹಿಂದಿನದಕ್ಕಾಗಿ ಮತ್ತೆ ಬಳಿಯುವುದಿಲ್ಲ. ಅರೆಪಾರದರ್ಶಕ ಭಾಗಗಳ ಸರದಿ ಆಮೇಲೆ, ಹಿಂದಿನಿಂದ ಮುಂದಕ್ಕೆ. ಮೂಲೆ ದುಂಡಾದ ಪೆಟ್ಟಿಗೆಯನ್ನೂ ಅದು ತುಂಡು ಮಾಡಿ ನೋಡುತ್ತದೆ: ಬೆರೆಸಬೇಕಾದದ್ದು ಮೂಲೆಗಳನ್ನು ಮಾತ್ರ, ನಡುಭಾಗ ಗಟ್ಟಿಯೇ.

ನಾವು ಮಾಡುವ ದೊಡ್ಡ ತಪ್ಪು ಒಪ್ಯಾಸಿಟಿಯದು, ಅಂದರೆ ಇಡೀ ಪೆಟ್ಟಿಗೆಯ ಗಟ್ಟಿತನವನ್ನು ಒಟ್ಟಿಗೆ ಹೇಳುವ ಸಾಲಿನದು. ಇಡೀ ಪೆಟ್ಟಿಗೆಗೆ ಅರ್ಧ ಒಪ್ಯಾಸಿಟಿ ಕೊಟ್ಟರೆ ಒಳಗಿನ ಚಿತ್ರ, ಅಕ್ಷರ, ಗುಂಡಿಗಳು ಒಂದರೊಳಗೊಂದು ಇಣುಕಬಾರದು. ಹಾಗಾಗಿ ಬ್ರೌಸರ್ ಅವನ್ನೆಲ್ಲ ಪ್ರತ್ಯೇಕ ಹಾಳೆಯಲ್ಲಿ ಬಿಡಿಸಿ, ಆ ಹಾಳೆಯನ್ನು ಒಮ್ಮೆಗೇ ತೆಳುವಾಗಿಸಿ ಪುಟಕ್ಕೆ ಬೆರೆಸುತ್ತದೆ. ಪರದೆಯಷ್ಟು ದೊಡ್ಡ ಹಾಳೆಗೆ ಸುಮಾರು ಒಂದು ಕೋಟಿ ಬೈಟ್ ಬೇಕು. ಒಳಗೆ ಒಂದೇ ಆಕೃತಿಯಿದ್ದರೆ ಕ್ರೋಮ್ ಬ್ರೌಸರಿನ ತಳಹದಿಯಾದ ಕ್ರೋಮಿಯಂ ಆ ಹಾಳೆಯನ್ನು ಬಿಟ್ಟು, ತೆಳುತನವನ್ನು ನೇರ ಬಣ್ಣಕ್ಕೇ ಸೇರಿಸಬಲ್ಲದು. ಹಿನ್ನೆಲೆಯಷ್ಟೇ ತೆಳುವಾಗಬೇಕಿದ್ದರೆ ಆ ಬಣ್ಣಕ್ಕೆ ಮಾತ್ರ ಆಲ್ಫಾ ಕೊಡಿ. ಕೋಡ್‌ನಿಂದ ಚಿತ್ರ ಬಿಡಿಸಲು ಪುಟದಲ್ಲಿ ಇಡುವ ಚೌಕಟ್ಟಾದ ಕ್ಯಾನ್ವಾಸ್ ಪೂರ್ತಿ ತುಂಬುವುದಾದರೆ, ಅದನ್ನು ತೆರೆಯುವಾಗಲೇ ಆಲ್ಫಾ ಬೇಡವೆಂದು ಹೇಳಿಬಿಡಿ. ನೀವು ಹೇಳದಿದ್ದರೆ ಬೇಕೆಂದೇ ಅದು ಭಾವಿಸುತ್ತದೆ.

ಇನ್ನು ಅಕ್ಷರಗಳ ವಿಷಯ, ನನಗೆ ಬಹಳ ಹತ್ತಿರದ್ದು. ಎಲ್‌ಸಿಡಿ ಪರದೆಯಲ್ಲಿ ಪ್ರತಿ ಪಿಕ್ಸೆಲ್ಲಿನ ಕೆಂಪು, ಹಸಿರು, ನೀಲಿ ಪಟ್ಟಿಗಳನ್ನು ಬೇರೆಬೇರೆಯಾಗಿ ಬೆಳಗಿಸಿ ಅಕ್ಷರದ ಅಂಚನ್ನು ಚೂಪುಗೊಳಿಸಬಹುದು. ಅದಕ್ಕೆ ಪಿಕ್ಸೆಲ್ಲಿಗೆ ಮೂರು ಆಲ್ಫಾ ಬೇಕು. ಪಾರದರ್ಶಕ ಪದರದಲ್ಲಿ ಇರುವುದು ಒಂದೇ. ಹಿನ್ನೆಲೆ ಗಟ್ಟಿಯೆಂದು ಖಚಿತವಾಗದಿದ್ದರೆ ಬ್ರೌಸರ್ ಪಟ್ಟಿಗಳನ್ನು ಬೇರ್ಪಡಿಸದ ಬೂದುಛಾಯೆಯ ಅಂಚಿಗೆ ಇಳಿಯುತ್ತದೆ. ಸಣ್ಣ ಗಾತ್ರದಲ್ಲಿ ಮೊದಲು ಮಸುಕಾಗುವುದು ನಮ್ಮ ಒತ್ತಕ್ಷರಗಳೇ. ಕನ್ನಡದ ಬರಹವಿರುವ ಪದರಕ್ಕೆ ಗಟ್ಟಿ ಹಿನ್ನೆಲೆಯನ್ನು ಕೊಡಿ ಎಂದು ನಾನು ಒತ್ತಾಯಿಸುವುದು ಇದಕ್ಕಾಗಿ.