ಮಧುಗಿರಿ ಏಕಶಿಲಾ ಬೆಟ್ಟ: ಹತ್ತೋದಕ್ಕಿಂತ ಇಳಿಯೋದು ಕಷ್ಟ

[ದೃಶ್ಯ: ಇಳಿಜಾರು ಬಂಡೆಯ ಮೇಲೆ ನಿಂತ ಶೂ, ತೀರಾ ಹತ್ತಿರದಿಂದ. ಗಾಳಿ ಸದ್ದು ಮಾತ್ರ.]

ಮಧುಗಿರಿ ಬೆಟ್ಟದಲ್ಲಿ ಅರ್ಧ ದಾರಿಗೇ ಕೂತುಬಿಡೋರು ಬಹಳ ಜನ. ಎಲ್ಲರೂ ಸುಸ್ತಾಗಿ ಕೂತಿರಲ್ಲ. ಹತ್ತುವಾಗ ಕಣ್ಣು ಮುಂದಿನ ಬಂಡೆ ಮೇಲಿರುತ್ತೆ. ಒಮ್ಮೆ ಹಿಂದಕ್ಕೆ ತಿರುಗಿ, ಕೆಳಗೆ ಊರು ನೋಡಿದಾಗ ಕಾಲು ನಡುಗೋಕೆ ಶುರುವಾಗುತ್ತೆ.

[ದೃಶ್ಯ: ಪಟ್ಟಣದ ಬೀದಿಯಿಂದ ಕಾಣುವ ಬೆಟ್ಟ]

ತುಮಕೂರು ಜಿಲ್ಲೆಯ ಮಧುಗಿರಿ ಊರಿನ ನೆತ್ತಿ ಮೇಲೇ ಈ ಬೆಟ್ಟ. ಸಮುದ್ರಮಟ್ಟದಿಂದ ಸುಮಾರು 3,900 ಅಡಿ. ಊರಿನಿಂದ ನೀವು ಏರಬೇಕಾದ್ದು ಸುಮಾರು 400 ಮೀಟರ್. ಏಷ್ಯಾದ ಎರಡನೇ ದೊಡ್ಡ ಏಕಶಿಲೆ ಅಂತ ಎಲ್ಲ ಕಡೆ ಬರೆದಿರುತ್ತಾರೆ, ಅಳತೆಪಟ್ಟಿ ಹಿಡಿದವರು ಯಾರು ಅಂತ ಮಾತ್ರ ಕೇಳಬೇಡಿ. ಬೆಂಗಳೂರಿನಿಂದ 100 ಕಿ.ಮೀ. ಚಿಲ್ಲರೆ: ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಕೊರಟಗೆರೆ ಮೇಲೆ ಬನ್ನಿ.

ಬೆಳಿಗ್ಗೆ ಆರೂವರೆಗೆ ಹತ್ತೋಕೆ ಶುರು ಮಾಡಿ. ಏರೋಕೆ ಎರಡರಿಂದ ಎರಡೂವರೆ ಗಂಟೆ ಬೇಕು. ದಾರಿಯಲ್ಲಿ ಮರ ಅನ್ನೋದು ಹೆಸರಿಗಷ್ಟೇ. ಹನ್ನೊಂದರ ಹೊತ್ತಿಗೆ ಬಂಡೆ ಕಾದ ಹೆಂಚಾಗುತ್ತೆ, ಬಿಸಿಲು ಮೇಲಿಂದಲೂ ಕೆಳಗಿಂದಲೂ ಹೊಡೆಯುತ್ತೆ. ತಲೆಗೆ ಮೂರು ಲೀಟರ್ ನೀರು ಇರಲಿ. ಮೇಲೆ ದೊಣೆಗಳಿವೆ, ಆದರೆ ಆ ನೀರು ಕುಡಿಯೋಕಲ್ಲ.

[ದೃಶ್ಯ: ಕೋಟೆ ಬಾಗಿಲು, ಗೋಡೆಯ ಕಲ್ಲುಗಳು]

ಮೊದಲ ಭಾಗ ಸಲೀಸು: ಮೆಟ್ಟಿಲು, ಒಂದಾದ ಮೇಲೊಂದು ಬಾಗಿಲು. ಸ್ಥಳೀಯ ಪಾಳೆಯಗಾರರು ಕಟ್ಟಿದ ಕೋಟೆಯನ್ನ ಹೈದರಾಲಿ ಬಲಪಡಿಸಿದ. 1763ರಲ್ಲಿ ಕೆಳದಿಯ ರಾಜಧಾನಿ ಬಿದನೂರು ಗೆದ್ದ ಮೇಲೆ ಅಲ್ಲಿನ ರಾಣಿ ವೀರಮ್ಮಾಜಿಯನ್ನ ತಂದು ಸೆರೆಯಿಟ್ಟಿದ್ದೂ ಇಲ್ಲೇ. 1767ರಲ್ಲಿ ಮರಾಠರು ಕೋಟೆ ಹಿಡಿದು ರಾಣಿಯನ್ನ ಬಿಡಿಸಿದರು. ಸೆರೆಮನೆಗೆ ಈ ಬೆಟ್ಟವನ್ನೇ ಯಾಕೆ ಆರಿಸಿದರು ಅನ್ನೋದು ಇನ್ನರ್ಧ ಗಂಟೆ ಹತ್ತಿದರೆ ಕಾಲಿಗೇ ತಿಳಿಯುತ್ತೆ.

[ದೃಶ್ಯ: ಬಂಡೆಯಲ್ಲಿ ಕೆತ್ತಿದ ಕಚ್ಚುಗಳು, ಪಕ್ಕದಲ್ಲಿ ಕಬ್ಬಿಣದ ಕಂಬಿ]

ಈಗ ನಿಜವಾದ ಬಂಡೆ ಶುರು. ಇಲ್ಲಿ ಮೆಟ್ಟಿಲು ಅಂದ್ರೆ ಉಳಿಯಿಂದ ಕೊರೆದ, ಪಾದ ಊರುವಷ್ಟೇ ಅಗಲದ ಕಚ್ಚು. ಕೆಲವು ಕಡೆ ಹಿಡಿಯೋಕೆ ಕಂಬಿ ಇದೆ, ಕೆಲವು ಕಡೆ ಇಲ್ಲ.

ಹೆದರಿದಾಗ ಎಲ್ಲರೂ ಮಾಡೋ ತಪ್ಪು ಒಂದೇ: ಬಂಡೆಗೆ ಅಂಟಿಕೊಳ್ಳೋ ಹಾಗೆ ಮುಂದಕ್ಕೆ ಬಾಗೋದು. ಹಾಗೆ ಬಾಗಿದರೆ ಪಾದದ ಮೇಲಿನ ಭಾರ ಕಮ್ಮಿಯಾಗುತ್ತೆ, ಹಿಡಿತ ತಪ್ಪಿ ಶೂ ಹಿಂದಕ್ಕೆ ಜಾರುತ್ತೆ. ಸೊಂಟ ಪಾದದ ನೇರಕ್ಕೆ ಇರಲಿ, ಅಡಿಪಾದ ಪೂರ್ತಿ ಊರಲಿ, ಹೆಜ್ಜೆ ಗಿಡ್ಡದಾಗಿರಲಿ.

ಬಂಡೆಯ ಬಣ್ಣ ನೋಡಿ. ಬೂದು ಬಣ್ಣದ ಒರಟು ಜಾಗ ಹಿಡಿಯುತ್ತೆ. ಉದ್ದಕ್ಕೆ ಇಳಿದ ಕಪ್ಪು ಪಟ್ಟೆ ಮಳೆನೀರು ಹರಿಯೋ ದಾರಿ. ಒಣಗಿದ್ದಾಗ ಪರವಾಗಿಲ್ಲ, ಒದ್ದೆಯಾದರೆ ಪಾಚಿ ಸೋಪಿನ ಹಾಗೆ. ಮಳೆಗಾಲದಲ್ಲಿ ಹತ್ತಲೇಬೇಡಿ. ಇನ್ನೊಂದು ಶತ್ರು ಉದುರಿದ ಕಲ್ಲುಪುಡಿ, ರಾಗಿಕಾಳಿನ ಮೇಲೆ ಕಾಲಿಟ್ಟ ಹಾಗೇ. ಮೆತ್ತನೆ ರಬ್ಬರಿನ, ಸವೆಯದ ಶೂ ಇಲ್ಲಿ ಬೇಕು. ಗಟ್ಟಿ ಅಡಿಯ, ಆಳ ಹಲ್ಲಿನ ದುಬಾರಿ ಬೂಟು ಕೆಸರಿಗೆ ಸರಿ, ಬಂಡೆಗಲ್ಲ.

ಕಡಿದಾದ ಮೊದಲ ಏರು ಮುಗಿದ ತಕ್ಷಣ ನಿಂತು, ಹತ್ತು ಹೆಜ್ಜೆ ಕೆಳಗಿಳಿದು ನೋಡಿ. ಮೈ ನಡುಗಿದರೆ ಅಲ್ಲಿಂದಲೇ ವಾಪಸಾಗಿ. ಮುಂದೆ ದಾರಿ ಸುಲಭವಾಗಲ್ಲ, ಇಳಿಯೋಕೆ ಬೇರೆ ದಾರಿಯೂ ಇಲ್ಲ.

[ದೃಶ್ಯ: ತುದಿ, ಪಾಳುಬಿದ್ದ ಗೋಪಾಲಕೃಷ್ಣ ಗುಡಿ]

ತುದಿಯಲ್ಲಿ ಗೋಪಾಲಕೃಷ್ಣನ ಗುಡಿ ಪಾಳುಬಿದ್ದಿದೆ. ಅದರ ನೆರಳಲ್ಲಿ ಅರ್ಧ ಗಂಟೆ ಕೂರಬಹುದು. ಹಳಬರ ಬಾಯಲ್ಲಿ ಈ ಊರು ಮದ್ದಗಿರಿ, ಈಗಿನ ಹೆಸರಲ್ಲಿ ಜೇನಿದೆ. ಆದ್ದರಿಂದ ಬೀಡಿ, ಬೆಂಕಿ, ಸೆಂಟು ಬೇಡ. ಹೆಜ್ಜೇನು ಎದ್ದರೆ ಬಂಡೆ ಮೇಲೆ ಓಡೋಕೆ ಜಾಗ ಇರಲ್ಲ. ಎದ್ದೇ ಬಿಟ್ಟರೆ ಕೈ ಬೀಸದೆ, ಮುಖ, ಕತ್ತು ಬಟ್ಟೆಯಲ್ಲಿ ಮುಚ್ಚಿ ದೂರ ಸರೀರಿ. ಚುಚ್ಚಿದ ಮುಳ್ಳನ್ನ ಉಗುರಿನಲ್ಲೇ ಕೆರೆದು ತಡಮಾಡದೆ ತೆಗೀರಿ.

[ದೃಶ್ಯ: ಇಳಿಯುತ್ತಿರುವವರು, ಪಕ್ಕದಿಂದ]

ಇಳಿಯೋ ಮೊದಲು ಲೇಸ್ ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿ. ಸಡಿಲ ಬಿಟ್ಟರೆ ಬೆರಳು ಮುಂದಕ್ಕೆ ಜಾರಿ, ಸಂಜೆಗೆ ಹೆಬ್ಬೆರಳ ಉಗುರು ಕಪ್ಪಾಗಿರುತ್ತೆ. ಮೊಣಕಾಲು ಸ್ವಲ್ಪ ಮಡಿಸಿ, ನೇರ ಇಳಿಯದೆ ಅಡ್ಡಡ್ಡ ಇಳೀರಿ. ಕಡಿದಾದ ಕಡೆ ಬಂಡೆಗೆ ಮುಖಮಾಡಿ, ಏಣಿ ಇಳಿದ ಹಾಗೆ ಕಚ್ಚಿನಿಂದ ಕಚ್ಚಿಗೆ. ಮೊಬೈಲ್ ಜೇಬಲ್ಲಿರಲಿ, ಎರಡೂ ಕೈ ಬೇಕು. ಮೇಲಿರುವವರು ಕಾಲು ಜಾರಿದರೆ ಕೆಳಗಿನವರ ಮೇಲೇ ಬರುತ್ತಾರೆ, ಅದಕ್ಕೇ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಇಳಿಯಬೇಡಿ.

ಬೇಗ ಹತ್ತಿದ್ದರೆ ಹನ್ನೊಂದೂವರೆಗೆ ಕೆಳಗಿರುತ್ತೀರಿ. ಊರಲ್ಲೇ ವೆಂಕಟರಮಣಸ್ವಾಮಿ ಮತ್ತು ಮಲ್ಲೇಶ್ವರ ದೇವಸ್ಥಾನಗಳಿವೆ. ಮಧ್ಯಾಹ್ನಕ್ಕೆ ಬಾಗಿಲು ಹಾಕೋ ಮೊದಲು ಅಲ್ಲಿಗೂ ಹೋಗಿ ಬನ್ನಿ.