ಮಾತಿಲ್ಲದವಳ ಫೋನು

ಕೇಳುಗರೇ, ನಮಸ್ಕಾರ.

ರಾತ್ರಿ ಒಂಬತ್ತೂವರೆ ದಾಟಿದೆ. ಕೆಲವರು ಒಲೆಕಟ್ಟೆ ಒರೆಸುತ್ತಾ ಕೇಳುತ್ತಿದ್ದೀರಿ, ಕೆಲವರು ನಾಳೆಯ ಹುಳಿಗೆ ತರಕಾರಿ ಹೆಚ್ಚಿಟ್ಟುಕೊಳ್ಳುತ್ತಾ, ಕೆಲವರು ರಾತ್ರಿಪಾಳಿಯ ಕಾವಲಿಗೆ ಕೂತು. ಮನೆಯಲ್ಲಿ ನೀವೊಬ್ಬರೇ ಇದ್ದು, ಹಿತ್ತಲ ಬಾಗಿಲ ಚಿಲಕ ಸಣ್ಣಗೆ ಅಲುಗಾಡಿದರೆ ಏನಾಗುತ್ತದೆ? ಗಾಳಿ ಎಂದು ಗೊತ್ತಿದ್ದರೂ ಕೈ ಅಲ್ಲೇ ನಿಲ್ಲುತ್ತದೆ. ಆ ನಿಂತ ಕೈಯೇ ಇವತ್ತಿನ ನನ್ನ ವಿಷಯ.

ಸಸ್ಪೆನ್ಸ್ ಥ್ರಿಲ್ಲರ್ ಎನ್ನುತ್ತೇವಲ್ಲ, ಅದರಲ್ಲೂ ಒಂದು ಬಗೆ ಇದೆ. ಒಬ್ಬ ಸರಣಿ ಕೊಲೆಗಾರ, ಒಬ್ಬಳು ಹೆಣ್ಣುಮಗಳು, ಅವಳು ಬದುಕಿ ಉಳಿಯಬೇಕು. ಇಂಥ ಕತೆ ಬರೆಯುವ, ಕಿರುಚಿತ್ರ ಮಾಡುವ ಹುಡುಗ ಹುಡುಗಿಯರು ನನ್ನ ಹತ್ತಿರ ಸ್ಕ್ರಿಪ್ಟ್ ತರುತ್ತಾರೆ. ಮೂವತ್ತು ವರ್ಷದಿಂದ ಓದುತ್ತಿದ್ದೇನೆ. ಮೊದಲ ಪುಟದಲ್ಲಿ ಕೊಲೆಗಾರನ ಬಾಲ್ಯ. ಎರಡನೆಯ ಪುಟದಲ್ಲಿ ಅವನ ಚಾಕು. ಮೂರನೆಯದರಲ್ಲಿ ರಕ್ತ. ಅವನಿಗೆ ಹೆಸರಿದೆ, ಅಡ್ಡಹೆಸರಿದೆ, ಇಷ್ಟದ ಹಾಡಿದೆ. ಅವಳಿಗೆ? 'ಹುಡುಗಿ 1', 'ಹುಡುಗಿ 2' ಎಂದು ಬರೆದಿರುತ್ತಾರೆ. ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದಕ್ಕೇ ಇವತ್ತು ಒಂದೇ ಮಾತು ಹೇಳಲು ಬಂದಿದ್ದೇನೆ. ಕೊಲೆಗಾರನನ್ನು ಬಿಡಿ, ಅವಳನ್ನು ನೋಡಿ.

ಇದನ್ನು ನನಗೆ ಕಲಿಸಿದ್ದು ಒಂದು ಹಳೆಯ ಕಪ್ಪು ಬಿಳುಪು ಸಿನಿಮಾ. 'ದಿ ಸ್ಪೈರಲ್ ಸ್ಟೇರ್‌ಕೇಸ್', ಅಂದರೆ ಸುರುಳಿ ಮೆಟ್ಟಿಲು. 1946ರದು. ನಿರ್ದೇಶಕ ರಾಬರ್ಟ್ ಸಿಯಡ್‌ಮ್ಯಾಕ್. ಹಿಟ್ಲರ್ ಅಧಿಕಾರಕ್ಕೆ ಬಂದ ವರ್ಷ ಜರ್ಮನಿ ಬಿಟ್ಟು ಹೊರಟವನು, ಪ್ಯಾರಿಸ್ ದಾಟಿ ಹಾಲಿವುಡ್ ಸೇರಿದವನು. ಕತೆ ನಡೆಯುವುದು ಅಮೆರಿಕದ ನ್ಯೂ ಇಂಗ್ಲೆಂಡ್ ಸೀಮೆಯ ಒಂದು ಸಣ್ಣ ಊರಿನಲ್ಲಿ, ಇಪ್ಪತ್ತನೆಯ ಶತಮಾನ ಇನ್ನೂ ಎಳೆಯದಾಗಿದ್ದ ಕಾಲದಲ್ಲಿ. ಊರಲ್ಲಿ ಹೆಂಗಸರ ಕೊಲೆಗಳಾಗುತ್ತಿವೆ. ಸತ್ತವರಲ್ಲಿ ಒಬ್ಬಳ ಮುಖದ ಮೇಲೆ ಗಾಯದ ಕಲೆ, ಒಬ್ಬಳಿಗೆ ಬುದ್ಧಿ ಸ್ವಲ್ಪ ಮಂದ, ಒಬ್ಬಳ ಕಾಲು ಕುಂಟು. ಯಾವುದೋ ಒಂದು ಊನ ಇದ್ದವರನ್ನೇ ಅವನು ಹುಡುಕಿ ಕೊಲ್ಲುತ್ತಿದ್ದಾನೆ. ಹಾಗಿದ್ದರೆ ಮುಂದಿನ ಸರದಿ ಯಾರದು? ಹೆಲೆನ್‌ಳದು. ದೊಡ್ಡ ಮನೆಯೊಂದರಲ್ಲಿ ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳುವ ಹುಡುಗಿ. ಚಿಕ್ಕವಳಿದ್ದಾಗ ಮನೆಗೆ ಬೆಂಕಿ ಬಿದ್ದು ಅಪ್ಪ ಅಮ್ಮ ಸತ್ತಿದ್ದನ್ನು ಕಣ್ಣಾರೆ ಕಂಡವಳು. ಆ ಆಘಾತಕ್ಕೆ ಅವಳ ಮಾತು ನಿಂತುಹೋಗಿದೆ. ಕಿವಿ ಕೇಳುತ್ತದೆ, ಬುದ್ಧಿ ಚುರುಕು, ಗಂಟಲಿನಿಂದ ಮಾತ್ರ ಸ್ವರ ಹೊರಡದು. ಡೊರೋಥಿ ಮೆಕ್‌ಗ್ವೈರ್ ಎಂಬ ನಟಿ ಇಡೀ ಸಿನಿಮಾವನ್ನು ಕಣ್ಣು ಮತ್ತು ಕೈಯಲ್ಲೇ ನಡೆಸುತ್ತಾಳೆ.

ಈಗ ನೋಡಿ, ಕೂಗಲಾರದ ಹುಡುಗಿ. ಮಳೆಯ ರಾತ್ರಿ. ಅದೇ ಮನೆಯೊಳಗೆ ಕೊಲೆಗಾರ. ಇಷ್ಟು ಸಾಕು. ಚಾಕು ಬೇಕಾಗಿಲ್ಲ.

ಈ ಸಿನಿಮಾವನ್ನು ನಾನು ಎಷ್ಟೋ ಸಲ ತೋರಿಸಿದ್ದೇನೆ, ಆದರೆ ಒಂದು ಸಲದ್ದನ್ನು ಹೇಳಲೇಬೇಕು. ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಸ್ತ್ರೀಶಕ್ತಿ ಸಂಘದ ಹೆಂಗಸರು, "ಮೇಡಂ, ಧಾರಾವಾಹಿ ಅಲ್ದೆ ಬೇರೆ ಏನಾದ್ರೂ ತೋರ್ಸಿ" ಎಂದು ಕರೆದಿದ್ದರು. ಆಷಾಢದ ಮಳೆ. ಸಮುದಾಯ ಭವನಕ್ಕೆ ತಗಡಿನ ಮಾಡು, ಅದರ ಮೇಲೆ ಮಳೆ ಬೀಳುವ ಸದ್ದಿಗೆ ಪಕ್ಕದವರ ಮಾತು ಕೇಳದು. ಗೋಡೆಗೆ ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರಿಗೆ ಡಿವಿಡಿ ಹಾಕಿದೆ. ಇಂಗ್ಲಿಷ್ ಸಿನಿಮಾ. ಕೂತಿದ್ದವರಲ್ಲಿ ಇಂಗ್ಲಿಷ್ ಬಲ್ಲವಳು ಹತ್ತನೆಯ ತರಗತಿ ಓದಿದ ಒಬ್ಬ ಹುಡುಗಿ, ಅಷ್ಟೇ. ಹಾಗಾಗಿ ನಾನು ಪಕ್ಕದಲ್ಲಿ ನಿಂತು ಒಂದೊಂದು ಮಾತನ್ನೂ ಕನ್ನಡದಲ್ಲಿ ಹೇಳುತ್ತಾ ಹೋದೆ.

ಹತ್ತು ನಿಮಿಷ ಆಗಿರಬಹುದು. ಮುಂದೆ ಚಾಪೆಯ ಮೇಲೆ ಕೂತಿದ್ದ ಒಬ್ಬ ಹೆಂಗಸು, ಅರವತ್ತು ದಾಟಿದವರು, ಊರಿನ ದೊಡ್ಡ ಮನೆಗಳಲ್ಲಿ ಅಡುಗೆ ಮಾಡಿಕೊಂಡು, ಬಾಣಂತಿಯರನ್ನೂ ಮುದುಕರನ್ನೂ ನೋಡಿಕೊಂಡು ಬದುಕಿದವರು, ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಗೆ ಸರಿಸಿ, "ಮೇಡಂ, ನೀವು ಸುಮ್ನಿರಿ. ಅವಳೇ ಮಾತಾಡಲ್ಲ. ಅವಳ ಮುಖ ನೋಡಿದ್ರೆ ನಮಗೆ ಗೊತ್ತಾಗತ್ತೆ" ಎಂದರು. ನಾನು ಬಾಯಿ ಮುಚ್ಚಿ ಕೂತೆ.

ಆಮೇಲೆ ಆ ಭವನದಲ್ಲಿ ಮಳೆ ಬಿಟ್ಟರೆ ಬೇರೆ ಸದ್ದಿಲ್ಲ. ಸಿನಿಮಾದಲ್ಲಿ ಒಂದು ಕಡೆ ಹೆಲೆನ್ ಹಗಲುಗನಸು ಕಾಣುತ್ತಾಳೆ. ಊರಿನ ಯುವ ಡಾಕ್ಟರ ಜೊತೆ ಅವಳ ಮದುವೆ. ಪಾದ್ರಿ ಕೇಳುತ್ತಾನೆ, ಇವನನ್ನು ಗಂಡನಾಗಿ ಒಪ್ಪಿದ್ದೀಯಾ? ಒಂದು 'ಹೂಂ' ಅನ್ನಬೇಕು. ಅವಳ ತುಟಿ ಅಲುಗುತ್ತದೆ, ಮಾತು ಬರುವುದಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದಾರೆ. ಕನಸು ಕೆಟ್ಟ ಕನಸಾಗುತ್ತದೆ. ಒಂದು ಹನಿ ರಕ್ತವಿಲ್ಲ, ಕೊಲೆಗಾರ ಹತ್ತಿರದಲ್ಲೂ ಇಲ್ಲ, ಆದರೂ ಚಾಪೆಯ ಮೇಲಿದ್ದ ಹೆಂಗಸರೆಲ್ಲ ಸೆರಗಿನ ತುದಿ ಬಾಯಿಗಿಟ್ಟುಕೊಂಡಿದ್ದರು. ಅವಳಿಗೆ ಏನು ಬೇಕು, ಏನು ಕೈಗೆಟುಕುತ್ತಿಲ್ಲ ಎಂದು ನಮಗೆ ಈಗ ಗೊತ್ತು. ಇನ್ನು ಅವಳಿಗೆ ಏನಾದರೂ ಆದರೆ ಅದು ನಮ್ಮ ಮನೆಯ ಹುಡುಗಿಗೆ ಆದ ಹಾಗೆ.

ಕತೆ ಮುಂದಕ್ಕೆ ಹೋಯಿತು. ನೆಲಮಾಳಿಗೆಯಲ್ಲಿ ಹೆಣವೊಂದು ಬಿದ್ದಿದೆ. ಮುದುಕಿಯ ಕಿರಿಯ ಮಗನೇ ಕೊಲೆಗಾರ ಎಂದುಕೊಂಡು ಹೆಲೆನ್ ಅವನನ್ನು ಕೆಳಗೆ ಕೂಡಿಹಾಕಿ ಅಗಳಿ ಹಾಕಿದ್ದಾಳೆ. ಓಡಿ ಬಂದು ಫೋನ್ ಎತ್ತುತ್ತಾಳೆ. ಆಗಿನ ಕಾಲದ ಫೋನು, ಎಕ್ಸ್‌ಚೇಂಜಿನವಳು ನಂಬರ್ ಕೇಳಿ ಜೋಡಿಸಬೇಕು. ಆ ಕಡೆಯಿಂದ ದನಿ ಬರುತ್ತದೆ, ನಂಬರ್ ಹೇಳಿ. ಹೆಲೆನ್‌ಳ ಬಾಯಿ ತೆರೆಯುತ್ತದೆ. ಕತ್ತಿನ ನರ ಬಿಗಿಯುತ್ತದೆ. ಆ ಕಡೆಯವಳು ಕಾಯುತ್ತಿದ್ದಾಳೆ...

ಕರೆಂಟು ಹೋಯಿತು.

ಮಲೆನಾಡಿನ ಮಳೆಗಾಲ ಬಲ್ಲವರಿಗೆ ನಾನು ಹೇಳಬೇಕಾಗಿಲ್ಲ. ಎಲ್ಲೋ ಲೈನಿನ ಮೇಲೆ ಮರ ಬಿದ್ದಿರುತ್ತದೆ. ಗಾಢ ಕತ್ತಲು. ಯಾರೋ ಟಾರ್ಚ್ ಹಾಕಿದರು. ನಾನು, ಇನ್ನೊಂದು ದಿನ ನೋಡೋಣ, ಮನೆಗೆ ಹೋಗಿ ಎಂದೆ. ಒಬ್ಬರೂ ಏಳಲಿಲ್ಲ. "ಅವಳನ್ನ ಹಂಗೇ ಬಿಟ್ಟು ಹೋಗಾದು ಹೆಂಗೆ?" ಎಂದರು. ಅದನ್ನು ಕೇಳಿ ನನಗೆ ಮೈ ಜುಮ್ಮೆಂದಿತು, ಈಗಲೂ ಎನ್ನುತ್ತದೆ. ಪರದೆಯಲ್ಲಿ ಏನೂ ಇಲ್ಲ, ಬರೀ ಪಂಚೆ. ಅವರ ಪಾಲಿಗೆ ಅವಳು ಫೋನ್ ಹಿಡಿದು ಅಲ್ಲೇ ನಿಂತಿದ್ದಾಳೆ.

ಆಮೇಲೆ ಆ ಕತ್ತಲಲ್ಲಿ ಶುರುವಾಯಿತು ನೋಡಿ ಚರ್ಚೆ. ಮುಕ್ಕಾಲು ಗಂಟೆ. ಒಬ್ಬಳು ಅಂದಳು, ಫೋನಿಗೆ ಉಗುರಿನಿಂದ ತಟ್ಟಲಿ, ಮಾತಾಡಲು ಬಾರದವಳು ಊರಲ್ಲಿ ಅವಳೊಬ್ಬಳೇ ಅಲ್ವಾ, ಎಕ್ಸ್‌ಚೇಂಜಿನವಳಿಗೆ ಗೊತ್ತಾಗತ್ತೆ. ಇನ್ನೊಬ್ಬಳು, ಕಿಟಕಿ ಗಾಜು ಒಡೆಯಲಿ. ಮತ್ತೊಬ್ಬಳು, ಒಲೆಯ ಕೊಳ್ಳಿ ಹಿಡ್ಕೊಂಡು ಹೊರಗೆ ಓಡಲಿ. ತಕ್ಷಣ ಅವಳ ಪಕ್ಕದವಳು, "ಬೆಂಕಿ ಅವಳು ಮುಟ್ಟಲ್ಲ. ಬೆಂಕೀಲಿ ಅಪ್ಪ ಅಮ್ಮ ಹೋಗಿದಾರೆ" ಎಂದಳು. ಇಂಥ ಮಾತನ್ನು ನನ್ನ ಕ್ಲಾಸಿನಲ್ಲಿ ಯಾವ ವಿದ್ಯಾರ್ಥಿಯೂ ಇದುವರೆಗೆ ಹೇಳಿಲ್ಲ. ಕೊಲೆಗಾರ ಯಾರು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಒಮ್ಮೆಯೂ ಕೇಳಲಿಲ್ಲ!

ಅಡುಗೆಯ ಆ ಹಿರಿಯ ಹೆಂಗಸು ಸುಮ್ಮನೆ ಅಗಿಯುತ್ತಾ ಕೂತಿದ್ದವರು ಕೊನೆಗೆ ಹೇಳಿದರು: "ಆ ಮುದುಕಿ ಏಳ್ತಾಳೆ." ಎಲ್ಲರೂ, ಅವಳೆಲ್ಲಿ ಏಳ್ತಾಳೆ ಮಾರಾಯ್ತಿ, ಹಾಸಿಗೆ ಹಿಡಿದಾಳೆ ಎಂದರು. "ಹಾಸಿಗೆ ಹಿಡಿದೋರಿಗೆ ಮನೇಲಿ ನಡೆಯೋದೆಲ್ಲ ಗೊತ್ತಿರತ್ತೆ. ನಾ ಎಷ್ಟು ಜನಾನ ನೋಡ್ಕಂಡಿದೀನಿ. ಮೊದ್ಲಿಂದ ಅವಳು ಆ ಹುಡುಗಿಗೆ ಕೈ ಮಾಡಿ ಹೋಗು ಹೋಗು ಅಂತಿದಾಳಲ್ಲ, ಸುಮ್ನೆ ಅಲ್ಲ ಅದು."

ಕರೆಂಟು ಬಂತು. ಸಿನಿಮಾ ಮುಂದುವರಿಯಿತು. ಹಾಗೇ ಆಯಿತು! ಆ ಮುದುಕಿ ಎದ್ದಳು. ಸುರುಳಿ ಮೆಟ್ಟಿಲಿನ ಮೇಲೆ ಬಂದು ನಿಂತು ಗುಂಡು ಹಾರಿಸಿದಳು. ಕೊಲೆಗಾರ ಅವಳ ಮಲಮಗ, ಮನೆಯ ಹಿರಿಯ, ಪ್ರೊಫೆಸರ್. ಕತೆಯ ಗುಟ್ಟು ಹೇಳಿಬಿಟ್ಟಿರಲ್ಲ ಎಂದು ಬೈಯಬೇಡಿ, ಸಿನಿಮಾಕ್ಕೆ ಸುಮಾರು ಎಂಬತ್ತು ವರ್ಷವಾಗಿದೆ. ಗುಟ್ಟು ಗೊತ್ತಿದ್ದೂ ನಾನು ಪ್ರತಿ ಸಲ ಆ ಫೋನಿನ ಹತ್ತಿರ ಉಸಿರು ಬಿಗಿಹಿಡಿಯುತ್ತೇನೆ. ಅವನು ಯಾರು ಎಂಬುದು ಒಮ್ಮೆ ಗೊತ್ತಾದರೆ ಮುಗಿಯಿತು. ಅವಳ ಪಾಡು ಮುಗಿಯುವುದಿಲ್ಲ. ಆ ಮುದುಕಿಯಾಗಿ ನಟಿಸಿದ ಎಥೆಲ್ ಬ್ಯಾರಿಮೋರ್‌ಗೆ ಆಸ್ಕರ್ ನಾಮನಿರ್ದೇಶನ ಬಂತು. ಅಡುಗೆಯ ಆ ಹೆಂಗಸಿಗೆ ಅದನ್ನು ಹೇಳಿದಾಗ, "ಕೊಡಬೇಕಾದ್ದೇ" ಎಂದರು.

ಅಯ್ಯೋ, ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಕಡಿಮೆ ಇದೆ. ಹೇಳಬೇಕೆಂದು ಬರೆದುಕೊಂಡಿದ್ದು ಇನ್ನೂ ಎರಡು ಹಾಳೆ ಇದೆ. ಬೇಗ ಬೇಗ ಹೇಳುತ್ತೇನೆ.

ಕೊಲೆಗಾರನನ್ನು ಈ ಸಿನಿಮಾ ಹೇಗೆ ತೋರಿಸುತ್ತದೆ ಗೊತ್ತೇ? ಬರೀ ಒಂದು ಕಣ್ಣು. ಬಟ್ಟೆ ನೇತುಹಾಕಿದ ಕಪಾಟಿನ ಕತ್ತಲಲ್ಲಿ, ಪರದೆ ತುಂಬ, ಒಂದು ಕಣ್ಣು. ಇನ್ನೊಮ್ಮೆ ಹೆಲೆನ್ ಕನ್ನಡಿಯ ಮುಂದೆ ನಿಂತಿದ್ದಾಳೆ. ಆ ಕಣ್ಣಿನಿಂದ ನೋಡಿದಾಗ ಕನ್ನಡಿಯಲ್ಲಿ ಅವಳ ಮುಖದಲ್ಲಿ ಬಾಯಿಯೇ ಇಲ್ಲ. ಅಳಿಸಿಹೋಗಿದೆ. ಅವನ ಮನಸ್ಸು ಎಂಥದು ಎಂದು ಅಷ್ಟರಲ್ಲೇ ಗೊತ್ತಾಯಿತು. ಅವನ ಬಾಲ್ಯಕ್ಕೆ ಹತ್ತು ಪುಟ ಬರೆಯುವವರು ದಯವಿಟ್ಟು ಆ ಕನ್ನಡಿಯನ್ನು ಒಮ್ಮೆ ನೋಡಿ. ಅಲ್ಲಿಯೂ ನಾವು ನೋಡುತ್ತಿರುವುದು ಅವಳನ್ನೇ, ಅವನನ್ನಲ್ಲ.

ಇನ್ನೊಂದು. ಇದಕ್ಕೆ ಮೂಲ ಎಥೆಲ್ ಲೀನಾ ವೈಟ್ ಎಂಬ ಲೇಖಕಿಯ 1933ರ ಕಾದಂಬರಿ. ಅದರಲ್ಲಿ ನಾಯಕಿ ಚೆನ್ನಾಗಿಯೇ ಮಾತಾಡುತ್ತಾಳೆ! ಚಿತ್ರಕತೆ ಬರೆದ ಮೆಲ್ ಡಿನೆಲಿ, ಅದು ಅವನ ಮೊದಲ ಚಿತ್ರಕತೆ, ಕೊಲೆಗಾರನಿಗೆ ಇನ್ನೊಂದು ಆಯುಧ ಕೊಡಬಹುದಿತ್ತು. ಕೊಡಲಿಲ್ಲ. ಸಿನಿಮಾದಲ್ಲಿ ಅವಳಿಗೆ ಮಾತಿಲ್ಲ. ಇಡೀ ಸಿನಿಮಾ ನಿಂತಿರುವುದು ಆ ಒಂದು ಬದಲಾವಣೆಯ ಮೇಲೆ.

1967ರ 'ವೇಟ್ ಅನ್‌ಟಿಲ್ ಡಾರ್ಕ್' ಬಗ್ಗೆ ಐದು ನಿಮಿಷ ಮಾತಾಡುವ ಆಸೆ ಇತ್ತು, ಅರ್ಧ ನಿಮಿಷ ಸಿಕ್ಕಿದೆ. ಅದರಲ್ಲಿ ಆಡ್ರಿ ಹೆಪ್‌ಬರ್ನ್ ಕಣ್ಣು ಕಾಣದವಳು. ಮನೆಗೆ ನುಗ್ಗಿದ ಕೊಲೆಗಾರನನ್ನು ತನ್ನ ಸಮಕ್ಕೆ ಇಳಿಸಲು ಬಲ್ಬುಗಳನ್ನೆಲ್ಲ ಒಡೆದುಹಾಕುತ್ತಾಳೆ. ಕತ್ತಲಲ್ಲಿ ಅವಳೇ ಮೇಲು. ಮರೆತದ್ದು ಒಂದೇ, ಫ್ರಿಜ್ಜಿನೊಳಗಿನ ದೀಪ. ಅವನು ಫ್ರಿಜ್ಜಿನ ಬಾಗಿಲು ತೆರೆಯುತ್ತಾನೆ. ನೀವೇ ಹೇಳಿ, ನಾವು ದಿನಾ ಹಾಲಿಡುವ ಫ್ರಿಜ್ಜು ಅದು, ಅದಕ್ಕಿಂತ ಹೆದರಿಕೆಯ ವಸ್ತು ಬೇಕೇ? ಕಣ್ಣಿದ್ದವಳ ಕತೆಯಾಗಿದ್ದರೆ ಅದು ಬರೀ ಫ್ರಿಜ್ಜು. ಅವಳನ್ನು ಬಲ್ಲ ಕಾರಣ ಅದು ಭಯ.

ಅದಕ್ಕೇ ಮತ್ತೆ ಹೇಳುತ್ತೇನೆ, ಕೊಲೆಗಾರನನ್ನು ಬಿಡಿ, ಅವಳನ್ನು ನೋಡಿ. ನಾಳೆ ಸ್ಕ್ರಿಪ್ಟ್ ಬರೆಯಲು ಕೂರುವವರು 'ಹುಡುಗಿ 1' ಎಂಬುದನ್ನು ಹೊಡೆದುಹಾಕಿ ಅವಳಿಗೊಂದು ಹೆಸರಿಡಿ. ಅವಳು ಎಷ್ಟು ಗಂಟೆಗೆ ಕೆಲಸದಿಂದ ಬರುತ್ತಾಳೆ, ಅವಳ ಮನೆಯ ಯಾವ ಬಾಗಿಲು ಸರಿಯಾಗಿ ಹಾಕಿಕೊಳ್ಳುವುದಿಲ್ಲ, ಯಾರ ಫೋನ್ ನಂಬರ್ ಅವಳಿಗೆ ಬಾಯಿಪಾಠ, ಅದನ್ನು ಬರೆಯಿರಿ. ಚಾಕು ಆಮೇಲೆ ನೋಡೋಣ.

ಆ ಹಳ್ಳಿಯ ರಾತ್ರಿ ಹೇಗೆ ಮುಗಿಯಿತು ಎಂದು ಹೇಳದೆ ಎದ್ದರೆ ತಪ್ಪಾಗುತ್ತದೆ. ಗುಂಡು ಹಾರಿದಾಗ ಹೆಲೆನ್ ಚೀರುತ್ತಾಳೆ. ವರ್ಷಗಳ ಮೇಲೆ ಗಂಟಲಿನಿಂದ ಹೊರಟ ಮೊದಲ ಸ್ವರ. ಆಮೇಲೆ ಮತ್ತೆ ಅದೇ ಫೋನಿನ ಹತ್ತಿರ ಹೋಗುತ್ತಾಳೆ. ಒಂದೊಂದೇ ಅಂಕಿ, ಕಲ್ಲು ಎತ್ತಿದ ಹಾಗೆ ಎತ್ತಿ ಹೇಳುತ್ತಾಳೆ. ಒಂದು. ಎಂಟು. ಒಂಬತ್ತು. ಡಾಕ್ಟರ ನಂಬರು. ಹತ್ತನೆಯ ತರಗತಿಯ ಆ ಹುಡುಗಿ ತಾನೂ ಸಣ್ಣಗೆ ಜೊತೆಗೆ ಹೇಳುತ್ತಿದ್ದಳು. ಕ್ಯಾಮೆರಾ ಮೆಲ್ಲಗೆ ಹಿಂದೆ ಸರಿಯುತ್ತದೆ, ದೊಡ್ಡ ಮನೆಯಲ್ಲಿ ಹೆಲೆನ್ ಫೋನಿನ ಮುಂದೆ, ಸಿನಿಮಾ ಮುಗಿಯುತ್ತದೆ.

ನಾನು ಪಂಚೆ ಬಿಚ್ಚುತ್ತಿದ್ದೆ. ಅಡುಗೆಯ ಆ ಹೆಂಗಸು ಕೊಡೆ ಹುಡುಕಿಕೊಂಡು ಬಾಗಿಲವರೆಗೆ ಹೋದವರು ತಿರುಗಿ ಬಂದರು.

"ಡಾಕ್ಟ್ರು ಬಂದ್ರಾ ಮೇಡಂ?"

"ಅದನ್ನ ತೋರ್ಸಲ್ಲಮ್ಮ, ಸಿನಿಮಾ ಅಲ್ಲಿಗೇ ಮುಗೀತು" ಎಂದೆ.

ಅವರು ಹೊರಗಿನ ಮಳೆಯನ್ನೊಮ್ಮೆ ನೋಡಿ ಕೇಳಿದರು: "ಮತ್ತೆ, ಅವ್ರು ಬರೋವರೆಗೆ ಆ ಹುಡುಗಿ ಹತ್ರ ಯಾರಿರ್ತಾರೆ?"

ನಮಸ್ಕಾರ.