ಚಿತ್ತಿ ಮಳೆ ಆದ ಮೇಲೆ, ಶೀಗಿ ಹುಣ್ಣಿಮೆ ದಿನ

ಬೆಳಗ್ಗೆ ಆರು ಗಂಟೆ. ಕೊಪ್ಪಳದಿಂದ ನಮ್ಮೂರಿಗೆ ಹೋಗುವ ದಾರಿ ಇದು. ಮೊನ್ನೆ ಚಿತ್ತಿ ಮಳೆ ಚೆನ್ನಾಗಿ ಆಗಿದೆ. ಹುಲ್ಲಿನ ಮೇಲೆ ಇಬ್ಬನಿ, ಬದುವಿನ ತುಂಬಾ ಹಳದಿ ತಂಗಡಿ ಹೂವು. ಸುಮ್ನೆ ಗಾಡಿ ನಿಲ್ಲಿಸಿ ಹತ್ತು ನಿಮಿಷ ನಿಂತುಬಿಟ್ಟೆ.

ಶರತ್ಕಾಲ ಅಂದರೆ ಫೋನಿನಲ್ಲಿ ಬರೀ ಉದುರಿದ ಕೆಂಪು ಎಲೆಗಳ ಫೋಟೋ ಬರುತ್ತವೆ. ನಮ್ಮ ಕಡೆ ಎಲೆ ಉದುರುವುದು ಶಿವರಾತ್ರಿ ಹೊತ್ತಿಗೆ. ಆಶ್ವೀಜ ಅಂದರೆ ನಮಗೆ ಎಲ್ಲವೂ ತುಂಬಿಕೊಂಡಿರುವ ಕಾಲ. ತೊಗರಿ ಹೂ ಬಿಟ್ಟಿದೆ, ಹತ್ತಿ ಕಾಯಿ ಒಡೆಯುತ್ತಿದೆ, ಹಿಂಗಾರಿ ಬಿಳಿಜೋಳ ಈಗಷ್ಟೇ ಮೊಳಕೆ ಒಡೆದಿದೆ.

ದಾರಿಯಲ್ಲಿ ಒಬ್ಬ ಅಜ್ಜಿ ಸೀತಾಫಲ ಬುಟ್ಟಿ ಇಟ್ಟುಕೊಂಡು ಕುಳಿತಿದ್ದರು. ಗುಡ್ಡದ ಹಣ್ಣು. "ಕಣ್ಣು ಬಿಟ್ಟಿದ್ದು ತಗೋ ಯವ್ವಾ" ಅಂದರು. ಇಲ್ಲಿ ನೋಡಿ, ಈ ಉಬ್ಬುಗಳ ನಡುವಿನ ಗೆರೆ ಅಗಲವಾಗಿ ಬೆಳ್ಳಗಾಗಿದೆಯಲ್ಲ, ಅದೇ ಕಣ್ಣು. ಕಣ್ಣು ಬಿಡದ ಕಾಯಿ ಕಿತ್ತರೆ ಎಷ್ಟು ದಿನ ಇಟ್ಟರೂ ಸರಿಯಾಗಿ ಹಣ್ಣಾಗುವುದಿಲ್ಲ. ಬಿಟ್ಟಿದ್ದನ್ನು ಅಕ್ಕಿ ಡಬ್ಬಿಯಲ್ಲಿ ಹುದುಗಿಸಿಡಿ, ಎರಡು ಮೂರು ದಿನ ಸಾಕು.

ಆದರೆ ನಾನು ಇಷ್ಟು ದೂರ ಬಂದದ್ದು ಚರಗಕ್ಕೆ, ಅಂದರೆ ಹೊಲದ ತುಂಬಾ ಭೂಮಿತಾಯಿಗೆ ಊಟ ಚೆಲ್ಲುವುದಕ್ಕೆ. ಇವತ್ತು ಶೀಗಿ ಹುಣ್ಣಿಮೆ, ಅಂದರೆ ಆಶ್ವೀಜದ ಹುಣ್ಣಿಮೆ. ಭೂಮಿತಾಯಿ ಈಗ ತುಂಬಿದ ಬಸುರಿ ಅಂತ ನಮ್ಮ ಹಿರಿಯರು ಹೇಳುತ್ತಾರೆ. ಬಸುರಿ ಹೆಂಗಸಿನ ಬಯಕೆ ತೀರಿಸಬೇಕು ಅಲ್ವಾ? ಅದಕ್ಕೇ ಮನೆಯಲ್ಲಿ ಏನೇನು ಮಾಡಿದ್ದೇವೋ ಎಲ್ಲವನ್ನೂ ಮೊದಲು ಅವಳಿಗೆ ಉಣಿಸುತ್ತೇವೆ.

ಅವ್ವ ನಸುಕಿನಲ್ಲೇ ಎದ್ದು ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದಿದ್ದಾಳೆ. ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಕಡುಬು. ಬುಟ್ಟಿ ಹೊತ್ತು ಹೊಲಕ್ಕೆ ಬಂದೆವು. ಬನ್ನಿ ಗಿಡದ ಬುಡದಲ್ಲಿ ಅಪ್ಪ ಐದು ಕಲ್ಲು ಆರಿಸಿ ಸಾಲಾಗಿ ಇಟ್ಟ. ನೀರು ಹಾಕಿ ತೊಳೆದ, ಸುಣ್ಣ ಹಚ್ಚಿದ, ಕುಂಕುಮ ಇಟ್ಟ. ಇವರೇ ನಮ್ಮ ಹೊಲದ ಪಾಂಡವರು. ಮುಂದೆ ಎಡೆ, ಮೇಲೆ ಚೆಂಡು ಹೂ.

ಆಮೇಲೆ ಚರಗ. ರೊಟ್ಟಿ, ಪಲ್ಯ, ಕಡುಬು ಎಲ್ಲ ಕಲಸಿದ ಬುಟ್ಟಿ ಹಿಡಿದು ಅಪ್ಪ "ಹುಲ್ಲುಲ್ಲಿಗೋ" ಅಂತ ಕೂಗುತ್ತಾ ಹೊಲದ ಸುತ್ತ ಚೆಲ್ಲುತ್ತಾನೆ. ನಾನು ಹಿಂದೆ ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತೇನೆ. ಚಿಕ್ಕವಳಿದ್ದಾಗಿಂದ ಈ ತಂಬಿಗೆ ನನ್ನ ಕೈಯಲ್ಲೇ. ಎರೆ ಮಣ್ಣು ಕಾಲಿಗೆ ಮೆತ್ತಿಕೊಂಡು ಹೆಜ್ಜೆ ಭಾರ. ಆ ಭಾರ ನನಗೆ ತುಂಬಾ ಇಷ್ಟ.

ಹೊಲ ಇಲ್ಲದವರು ಏನು ಮಾಡಬೇಕು ಅಂತ ಕೇಳಬಹುದು. ಹೊಲ ಇದ್ದವರ ಜೊತೆ ಹೋಗಿ. ಶೀಗಿ ಹುಣ್ಣಿಮೆ ದಿನ ಬದುವಿನ ಮೇಲೆ ಬಂದವರನ್ನು ಉಣ್ಣದೆ ಕಳಿಸುವ ಮನೆ ನಮ್ಮ ಕಡೆ ಇಲ್ಲ. ಇನ್ನೊಂದು ದಿನ ಬಿಡುವಿದ್ದರೆ ಆನೆಗೊಂದಿಗೆ ಹೋಗಿ, ಬೆಳಗ್ಗೆ ಬೇಗ ಅಂಜನಾದ್ರಿ ಹತ್ತಿ. ಕೆಳಗೆ ತುಂಗಭದ್ರೆ, ಬಂಡೆಗಳ ನಡುವೆ ಭತ್ತದ ಗದ್ದೆ. ಬಿಸಿಲೇರುವ ಮುಂಚೆ ಇಳಿದುಬಿಡಿ.

ಈಗ ಸಂಜೆ. ಹೊತ್ತು ಮುಳುಗುತ್ತಿದ್ದಂತೆ ಅತ್ತ ಚಂದ್ರ ಬಂದ. ಮಾಳಿಗೆ ಮೇಲೆ ಚಾಪೆ ಹಾಸಿದ್ದೇವೆ. ಹಗಲಿನ ರೊಟ್ಟಿ ಉಳಿದಿದೆ, ಹಾಲು ಕಾಯಿಸಿದೆ. ಅವ್ವ ರೊಟ್ಟಿ ಮುರಿದು ಹಾಲಿಗೆ ಹಾಕುತ್ತಿದ್ದಾಳೆ. ಕ್ಯಾಮೆರಾ ಇಡುತ್ತೇನೆ, ಕರೆಯುತ್ತಿದ್ದಾಳೆ.